ಸೇವ್ ನಂಬರ್ ಒಂದು

ಮೊದಲಿಗೆ ಒಳ್ಳೆಯದನ್ನೇ ಹೇಳಿಬಿಡುತ್ತೇನೆ:
ಕಣ್ಣಿಗೆ ಬಿದ್ದ ಯಾವ ಬೆಟ್ಟವನ್ನಾದರೂ ಹತ್ತಬಹುದು.
ಬಾಯಿಮಾತಿಗಲ್ಲ. ದೂರದಲ್ಲಿ ನೀಲಿಯಾಗಿ ಮಲಗಿದ್ದ ಒಂದು ಶಿಖರಕ್ಕೆ
ಗುರುವಾರ ರಾತ್ರಿ ಹೊರಟವನು
ಶುಕ್ರವಾರ ಬೆಳಗಿನ ಬಾಂಗಿಗೆ ಅದರ ನೆತ್ತಿಯ ಮೇಲಿದ್ದೆ.
ಗೇಟಿಲ್ಲ, ಗೇಟಿನಲ್ಲಿ ಬ್ಯಾಡ್ಜ್ ಕೇಳುವವನಿಲ್ಲ,
ಇಕಾಮಾ ತೋರಿಸು ಅನ್ನುವವನಿಲ್ಲ.
ಮೇಲೆ ಏನಿತ್ತು? ಒಂದು ಸತ್ತ ಮರ, ಎರಡು ಅಣಬೆ.
ಆದರೂ ಹತ್ತಿದ್ದೆ.

ಇನ್ನು ನೀರು.
ನೀರಿನ ವಿಷಯ ನನಗೆ ಬಿಡಿ,
ಜುಬೈಲಿನಲ್ಲಿ ಹನ್ನೊಂದು ವರ್ಷ ಕಡಲನ್ನು ಸಿಹಿ ಮಾಡಿದ್ದೇನೆ,
ನಾಲ್ಕನೇ ಯೂನಿಟ್ಟು, ರಾತ್ರಿ ಪಾಳಿ,
ಗಂಟೆಗೊಮ್ಮೆ ಉಪ್ಪಿನ ಲೆಕ್ಕ.
ಆ ಆಟದ ನದಿ ಮಾಡಿದವನು ಯಾರೋ ದಂಡೆಯಲ್ಲೇ ಬೆಳೆದವನು:
ಕಲ್ಲಿಗೆ ಬಂದಾಗ ಅದು ತಡೆದು, ಯೋಚಿಸಿ, ಸುತ್ತಿ ಹೋಗುತ್ತದೆ.
ಆದರೆ ಮುಳುಗಿ ಎದ್ದರೂ ಬಟ್ಟೆ ಒದ್ದೆಯಾಗುವುದಿಲ್ಲ. ತಪ್ಪು.
ಕಡಲು ಸೇರುವಲ್ಲಿ ನೀರಿನ ಬಣ್ಣ ಬದಲಾಗುವುದಿಲ್ಲ. ದೊಡ್ಡ ತಪ್ಪು.
ಕಡಲಿಗಿಳಿದು ಈಜಿದರೆ ಸ್ವಲ್ಪ ದೂರಕ್ಕೆ
ಗಾಳಿಯೇ ಗೋಡೆಯಾಗಿ ಎದೆಗೆ ಒತ್ತುತ್ತದೆ:
‘ಇಲ್ಲಿಂದ ಮುಂದೆ ಹೋಗುವಂತಿಲ್ಲ.’
ಇದನ್ನು ತಪ್ಪಿನ ಪಟ್ಟಿಗೆ ಸೇರಿಸಿಲ್ಲ.
ನಮ್ಮ ಇನ್‌ಟೇಕಿನ ಬೇಲಿಯಲ್ಲೂ ಇದೇ ಬೋರ್ಡು, ಮೂರು ಭಾಷೆಯಲ್ಲಿ.

ಕುದುರೆ, ದೇವರೇ, ಆ ಕುದುರೆ.
ಎರಡು ಬಂಡೆಯ ನಡುವೆ ಸಿಕ್ಕಿ ಕಾಲು ಜಾಡಿಸುತ್ತ
ಅರ್ಧ ರಾತ್ರಿ ನಿಂತಿತ್ತು.
‘ಫೋರ್‌ಮನ್ ಇಲ್ಲದ ಸೈಟು ಮಾರಾಯ’ ಎಂದು ಲ್ಯಾನ್ಸಿ ಮಥಾಯಸ್ ನಕ್ಕ.

ಸಂತೆಯ ಕಮ್ಮಾರನಿಗೆ ಬರುವುದು ಮೂರೇ ಮಾತು.
ಅವನ ಹೆಂಡತಿ ಸತ್ತ ಸುದ್ದಿಯನ್ನು ನಾನೇ ಹೊತ್ತು ತಂದೆ.
‘ಕತ್ತಿ ಮಸೆಯಬೇಕೇ, ಪರದೇಶಿ?’ ಎಂದ.
ಅರಸನ ಮಗಳು ಗೋಪುರದಲ್ಲಿದ್ದಾಳೆ,
ಮೂರು ದಿನಕ್ಕೆ ಲೋಕ ಮುಳುಗುತ್ತದೆ ಅನ್ನುತ್ತಾರೆ;
ನಾನು ನಲವತ್ತು ದಿನ ಜೇನು ಮಾರಿದೆ.
ಏನೂ ಮುಳುಗಲಿಲ್ಲ.
ಕಾಯುವುದಕ್ಕೆ ಬೆಲೆಯೇ ಇಲ್ಲದ ಲೋಕವನ್ನು
ಎರಡು ವರ್ಷಕ್ಕೊಮ್ಮೆ ರಜೆ ಸಿಗುವವನು ಹೇಗೆ ನಂಬುವುದು?

ಮರೆತಿದ್ದೆ, ಇನ್ನೊಂದು ಒಳ್ಳೆಯದು.
ಅಲ್ಲಿ ಬೇರೆಯವರ ಮಂಚದಲ್ಲಿ ಮಲಗಿದರೆ
ಕಾವಲುಗಾರ ಬಂದು ದಂಡ ಹಾಕುತ್ತಾನೆ.
ಇದನ್ನು ಕೇಳಿ ಇಡೀ ರೂಮು ನಕ್ಕೂ ನಕ್ಕೂ ಸುಸ್ತಾಯಿತು:
ನಮ್ಮ ಮಂಚದಲ್ಲಿ ಹಗಲು ನಾನು, ರಾತ್ರಿ ಜಯಕರ ಕೋಟ್ಯಾನ್,
ದಿಂಬಿಗೆ ಇಬ್ಬರ ತಲೆಯೆಣ್ಣೆಯೂ ಗೊತ್ತು.

ಯಂತ್ರ ನನ್ನದಲ್ಲ. ರೊಮೆಲ್ ಬಿಟ್ಟುಹೋದದ್ದು,
ಪಂಪ್‌ಹೌಸಿನ ಜೊತೆಗಾರ, ಇಲೊಯಿಲೊ ಕಡೆಯವನು.
ಫೈನಲ್ ಎಕ್ಸಿಟ್ ಬಿದ್ದ ದಿನ ರೈಸ್ ಕುಕ್ಕರ್ ಲ್ಯಾನ್ಸಿಗೆ,
ಇದು ನನಗೆ. ಸೂಟ್‌ಕೇಸಿಗೆ ಮೂವತ್ತೇ ಕಿಲೋ.
ಸೇವ್ ನಂಬರ್ ಒಂದು ಅವನದು, ಎರಡು ನನ್ನದು.
ಜಾಗ ತುಂಬಿತು, ಒಂದನ್ನು ಅಳಿಸು ಎಂದು
ತಿಂಗಳಿಂದ ಪೀಡಿಸುತ್ತಿದೆ.

ಮೊನ್ನೆ, ಅಳಿಸುವ ಮೊದಲು ನೋಡೋಣ ಅಂತ ಅವನದನ್ನು ತೆರೆದೆ.
ಅವನಿಗೊಂದು ಮನೆಯಿತ್ತು. ನನಗೆ ಹೇಳಿರಲಿಲ್ಲ.
ಕೆರೆ ದಂಡೆಯಲ್ಲಿ, ಕಾಸು ಕೊಟ್ಟು ಕೊಂಡದ್ದು.
ಒಳಗೆ ಮೇಜಿನ ಮೇಲೆ ಆರು ತಟ್ಟೆ ಸಾಲಾಗಿ ಇಟ್ಟಿದ್ದ.
ಈ ಆಟದಲ್ಲಿ ತಟ್ಟೆ ಇಡುವುದು ಸುಲಭವಲ್ಲ,
ಕೈ ಸೋಕಿದರೆ ಹಾರಿ ಸೂರಿಗೆ ಬಡಿಯುತ್ತವೆ, ಅದೊಂದು ದೋಷ.
ಎಷ್ಟು ರಾತ್ರಿ ಹಿಡಿಯಿತೋ.
ತಟ್ಟೆಗೊಂದರಂತೆ ಮೀನು.
ವರ್ಷ ಕಳೆದಿದೆ, ಮೀನು ಕೆಟ್ಟಿಲ್ಲ.
ಇದನ್ನು ಯಾವ ಪಟ್ಟಿಯಲ್ಲಿ ಬರೆಯಲಿ?

ಅವನ ಯೋಧನನ್ನು ಬಾಗಿಲಿಗೆ ತಿರುಗಿಸುವಾಗ
ಉಸಿರು ಬಿಗಿಹಿಡಿದಿದ್ದೆ, ಮೊಣಕೈ ಎಲ್ಲಿ ತಾಗೀತೋ ಎಂದು.
ತಾಗಲಿಲ್ಲ.
ಸೇವ್ ಮಾಡದೆ ಹೊರಬಂದೆ.

ಅಳಿಸಿದ್ದು ಎರಡನ್ನು.
ಬೆಟ್ಟ ಮತ್ತೆ ಹತ್ತಿದರಾಯಿತು,
ಈ ಸಲ ಕುದುರೆ ಇಲ್ಲದೆ.